ಕೈ ಸೋಕಿದ ಎಳೆ

“ಗುರುಗಳೇ, ಯಾರಿಗೂ ತಿಳಿಯದ ತಪ್ಪೊಂದು ಒಬ್ಬನಿಂದ ಆಗಿದೆ ಎಂದಿಟ್ಟುಕೊಳ್ಳಿ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಮರ್ಯಾದೆ ಕಳೆದುಕೊಳ್ಳುವುದು ಏತಕ್ಕೆ? ಒಳಗೊಳಗೇ ನಾಚಿಕೊಂಡರೆ ಸಾಲದೇ?”

ಹೀಗೆ ಕೇಳಿದ ಶಿಷ್ಯ ಮಠದ ಪಾಠಶಾಲೆಯನ್ನು ನೋಡಿಕೊಳ್ಳುತ್ತಿದ್ದವನು. ಕೇಳಿದ ಮೇಲೆ, “ಸುಮ್ಮನೆ ಕೇಳಿದೆ,” ಎಂದು ಸೇರಿಸಿದ.

ಗುರು ಜಗಲಿಯ ಮೇಲೆ ಕುಳಿತಿದ್ದರು. ಮಠದ ಮುಂದಿನ ರಸ್ತೆಯಲ್ಲಿ ಕೇಬಲ್ ಹಾಕುವವರು ಕಾಲುವೆ ತೋಡುತ್ತಿದ್ದರು. ಗುರು ಅತ್ತ ನೋಡಿ, “ಕುಳಿತುಕೋ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಗಾಜಿನ ಎಳೆ ಮಾಡುವ ಕಾರ್ಖಾನೆ ಇತ್ತು. ಈಗ ನಾವು ಫೋನಿನಲ್ಲಿ ಆಡುವ ಮಾತು ದೂರದೂರಿಗೆ ಬೆಳಕಾಗಿ ಓಡುವುದು ಅಂಥ ಎಳೆಯೊಳಗೆ. ಎಳೆ ತಲೆಗೂದಲಿನಷ್ಟು ಸಣ್ಣ. ಅದನ್ನು ನೂಲುವುದಿಲ್ಲ, ಹೊಸೆಯುವುದಿಲ್ಲ, ಮೇಲಿನಿಂದ ಇಳಿಸುತ್ತಾರೆ. ನಾಲ್ಕು ಅಂತಸ್ತಿನ ಗೋಪುರ, ಅದರ ನೆತ್ತಿಯಲ್ಲಿ ಕುಲುಮೆ, ಕುಲುಮೆಯಲ್ಲಿ ತೋಳಿನ ಗಾತ್ರದ ಗಾಜಿನ ಕಂಬಿ. ಕಾದ ಕಂಬಿಯ ತುದಿ ಬೆಲ್ಲದ ಪಾಕದಂತೆ ಹದಕ್ಕೆ ಬಂದು ತೊಟ್ಟಿಕ್ಕುತ್ತದೆ. ಆ ತೊಟ್ಟು ತನ್ನ ಹಿಂದೆ ಎಳೆಯನ್ನು ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಕೆಳಗೆ ಲೇಪ ತುಂಬಿದ ಒಂದು ಬಟ್ಟಲು. ಅದರ ತಳದ ತೂತಿನಿಂದ ಹೊರಬಂದ ಎಳೆಗೆ ಮೈಮೇಲೆ ಬಟ್ಟೆ ಬಂದಂತಾಗುತ್ತದೆ. ಅಲ್ಲಿಯವರೆಗೆ ಅದು ಬತ್ತಲೆ. ಬತ್ತಲೆ ಗಾಜಿಗೆ ಏನೂ ತಾಗಬಾರದು. ಬೆರಳು ಸೋಕಿದರೂ ಸಾಕು, ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಎಳೆ ಅಂದು ಗಟ್ಟಿಯಾಗಿಯೇ ಇರುತ್ತದೆ. ಎಂದೋ ಒಂದು ದಿನ ಅಲ್ಲಿಯೇ ಮುರಿಯುತ್ತದೆ.

ಆದರೆ ಮೊದಲ ತುದಿಯನ್ನು ಯಾರಾದರೂ ಕೈಯಿಂದಲೇ ಹಿಡಿದು ಬಟ್ಟಲಿಗೆ ಪೋಣಿಸಬೇಕು. ಬೇರೆ ದಾರಿಯಿಲ್ಲ. ಅದಕ್ಕಾಗಿ ಅಲ್ಲೊಂದು ಕಟ್ಟಳೆ ಇತ್ತು: ಪೋಣಿಸುವಾಗ ಕೈ ಸೋಕಿದಷ್ಟು ಉದ್ದವನ್ನೂ ಕತ್ತರಿಸಿ ಬುಟ್ಟಿಗೆ ಹಾಕಬೇಕು. ಎಷ್ಟು ಕತ್ತರಿಸಿದರು ಎಂದು ಅಳೆಯುವವರು ಯಾರೂ ಇರಲಿಲ್ಲ. ಪೋಣಿಸಿದವರು ಹೇಳಿದ್ದೇ ಮಾತು.

ಆ ಕೆಲಸದಲ್ಲಿ ವಾರಿಜಾ ಎಂಬ ಹೆಂಗಸು ಪಳಗಿದವಳು. “ವಾರಿಜಕ್ಕ ಮೂಗುತಿ ಹಾಕಿಕೊಂಡಷ್ಟು ಸಲೀಸಾಗಿ ಗಾಜು ಪೋಣಿಸುತ್ತಾಳೆ,” ಎಂದು ಜೊತೆಯವರು ಹೇಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಒಂದು ರೀಲೂ ಅಳತೆಗೆ ಕಡಿಮೆ ಬಂದಿರಲಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ಹಾಗೆಂದು ಬರೆದು ಅವಳ ಫೋಟೋ ಹಾಕಿದ್ದರು. ಅವಳು ಅದರ ಮುಂದೆ ಹಾದುಹೋಗುವಾಗ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ನೋಡದಿದ್ದರೂ ಅದು ಅಲ್ಲಿದೆ ಎಂಬುದು ಅವಳಿಗೆ ಹಿತವಾಗಿತ್ತು.

ಒಂದು ದಿನ ಎಳೆ ಎರಡು ಸಲ ಹರಿಯಿತು. ಮೂರನೆಯ ಸಲ ಪೋಣಿಸುವ ಹೊತ್ತಿಗೆ ಕಂಬಿಯಲ್ಲಿ ಒಂದು ರೀಲಿಗೆ ಆಗುವಷ್ಟೇ ಗಾಜು ಉಳಿದಿತ್ತು. ಕಟ್ಟಳೆಯಂತೆ ಕತ್ತರಿಸಿದರೆ ರೀಲು ಇಪ್ಪತ್ತು ಮೀಟರ್ ಕಡಿಮೆ ಬೀಳುತ್ತದೆ. ಮೈಲುಗಟ್ಟಲೆ ಉದ್ದದ ಎಳೆಗೆ ಇಪ್ಪತ್ತು ಮೀಟರ್. ವಾರಿಜಾ ಕತ್ತರಿ ಹಿಡಿದು ನಿಂತಳು. ಅರ್ಧ ಕತ್ತರಿಸಿ ಬುಟ್ಟಿಗೆ ಹಾಕಿದಳು. ಅರ್ಧವನ್ನು ರೀಲಿಗೆ ಬಿಟ್ಟಳು.

ಎಳೆಯನ್ನು ಜಗ್ಗಿ ನೋಡುವ ಯಂತ್ರ ಒಂದಿತ್ತು. ದುರ್ಬಲವಾದದ್ದು ಅಲ್ಲಿ ಹರಿಯಬೇಕು. ಅವಳು ಅದರ ಪಕ್ಕದಲ್ಲಿ ನಿಂತು, ಹರಿಯಲಿ ಎಂದೂ ಹರಿಯದಿರಲಿ ಎಂದೂ ಬೇಡಿಕೊಂಡಳು. ಹರಿಯಲಿಲ್ಲ. ಯಂತ್ರವೇ ಒಪ್ಪಿದ ಮೇಲೆ ಬೇಡವೆನ್ನಲು ನಾನ್ಯಾರು ಎಂದು ಮನೆಗೆ ಹೋದಳು. ಆ ರೀಲು ಬೇರೆ ಎಳೆಗಳ ಜೊತೆ ಸೇರಿ ಕೇಬಲ್ ಆಯಿತು. ಕೇಬಲ್ ಒಂದು ಪಟ್ಟಣದ ದಾರಿಯಲ್ಲಿ ಮಣ್ಣಿನೊಳಗೆ ಹೋಯಿತು.

ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ವಾರಿಜಾಗೆ ದೊಡ್ಡ ಕೆಲಸ ಕೊಟ್ಟಿದ್ದರು. ಎಲ್ಲಿಯಾದರೂ ಎಳೆ ಮುರಿದರೆ ಆ ತುಂಡು ಅವಳ ಮೇಜಿಗೆ ಬರುತ್ತಿತ್ತು. ಅವಳು ಸೂಕ್ಷ್ಮದರ್ಶಕದಲ್ಲಿ ನೋಡಿ, ದೋಷ ಕಾರ್ಖಾನೆಯದೋ ಹೊರಗಿನವರದೋ ಎಂದು ಹೇಳಬೇಕು.

ಆ ಪಟ್ಟಣದ ಫೋನುಗಳು ಒಂದು ದಿನ ಸತ್ತುಹೋದವು. ಎರಡು ಕೇಬಲ್‌ಗಳನ್ನು ಕೂಡಿಸಿದ ಜಾಗದ ಪಕ್ಕದಲ್ಲಿಯೇ, ಒಂದು ಗೇಣು ಆಚೆ, ಎಳೆ ಮುರಿದಿತ್ತು. ಜಾಯಿಂಟ್ ಹಾಕಿದವನು ಹೊನ್ನೂರಪ್ಪ. ಕಂತ್ರಾಟುದಾರರ ಕೈಕೆಳಗೆ ಇಪ್ಪತ್ತು ವರ್ಷ ಗುಂಡಿಯೊಳಗೆ ಕೂತು ಗಾಜು ಕೂಡಿಸಿದವನು. ಮುರಿದ ತುಂಡನ್ನು ಹತ್ತಿಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಾನೇ ಕಾರ್ಖಾನೆಗೆ ತಂದಿದ್ದ.

“ಡಬ್ಬಿ ತೊಳೆದು ತಂದಿದ್ದೀಯೇನಪ್ಪಾ? ಗಾಜಿಗೆ ಸಾರಿನ ವಾಸನೆ ಬರುತ್ತಿದೆ,” ಎಂದರು ಮ್ಯಾನೇಜರು.

“ಮೂರು ಸಲ ಬೆಳಗಿದ್ದೇನೆ ಸ್ವಾಮಿ. ಹೆಂಡತಿ ಬೈದಳು, ನಾನು ಕಟ್ಟಿಕೊಟ್ಟ ಊಟಕ್ಕೆ ಒಂದು ದಿನವೂ ಇಷ್ಟು ಬೆಳಗಲಿಲ್ಲವಲ್ಲ ಅಂತ.”

ಎಲ್ಲರೂ ನಕ್ಕರು. ವಾರಿಜಾ ಕೂಡ ನಗುತ್ತಲೇ ಕಣ್ಣನ್ನು ಮಸೂರಕ್ಕೆ ಇಟ್ಟಳು.

ಮುರಿದ ಗಾಜಿನ ಮುಖ ಮುಚ್ಚಿಡುವುದಿಲ್ಲ. ನೀರಿಗೆ ಕಲ್ಲು ಬಿದ್ದ ಕಡೆಯಿಂದ ಅಲೆ ಏಳುವ ಹಾಗೆ, ಬಿರುಕು ಎಲ್ಲಿಂದ ಹೊರಟಿತೋ ಅಲ್ಲಿಂದ ಗುರುತುಗಳು ಹರಡಿರುತ್ತವೆ. ಇಲ್ಲಿ ಲೇಪ ಇಡಿಯಾಗಿತ್ತು. ಜಾಯಿಂಟ್ ಹಾಕುವವನ ಉಪಕರಣ ಆ ಜಾಗಕ್ಕೆ ತಾಗಿಯೇ ಇರಲಿಲ್ಲ. ಬಿರುಕು ಲೇಪದ ಕೆಳಗೆ, ಗಾಜಿನ ಮೈಯಿಂದಲೇ ಹೊರಟಿತ್ತು. ಎಂದರೆ ಬಟ್ಟೆ ತೊಡುವ ಮೊದಲೇ ಆದ ಗಾಯ. ಅವಳು ತುಂಡಿನ ಜೊತೆ ಬಂದ ಚೀಟಿಯಲ್ಲಿದ್ದ ರೀಲಿನ ನಂಬರು ನೋಡಿದಳು. ನೋಡಬೇಕಾಗಿಯೇ ಇರಲಿಲ್ಲ.

“ಏನು ವಾರಿಜಮ್ಮ? ಗಾಜಿನ ದೋಷವೋ, ಜಾಯಿಂಟಿನ ದೋಷವೋ?” ಮ್ಯಾನೇಜರು ಕೇಳಿದರು.

ಅವಳು ಮಸೂರದಿಂದ ಕಣ್ಣು ತೆಗೆಯಲಿಲ್ಲ. “ಜಾಯಿಂಟಿನದು,” ಎಂದಳು.

ಹೊನ್ನೂರಪ್ಪ ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದಳು. ಕೂಗಾಡಲಿ, ಇನ್ನೊಬ್ಬರಿಗೆ ತೋರಿಸಿ ಎನ್ನಲಿ, ತಾನು ಸಿಕ್ಕಿಬೀಳಲಿ ಎಂದು ಕಾದಳು. ಹೊನ್ನೂರಪ್ಪ ಖಾಲಿ ಡಬ್ಬಿಯ ಮುಚ್ಚಳ ಹಾಕಿಕೊಂಡ.

“ನೀವು ಒಳಗೆ ನೋಡಿದ್ದೀರಿ ಅಮ್ಮಾವ್ರೆ. ನಾನು ಹೊರಗಿಂದ ನೋಡಿದವನು. ನೀವು ಹೇಳಿದ ಮೇಲೆ ಆಯಿತು,” ಎಂದು ಕೈಮುಗಿದು ಹೋದ.

ಕಂತ್ರಾಟುದಾರರು ಅವನನ್ನು ಜಾಯಿಂಟ್ ಕೆಲಸದಿಂದ ತೆಗೆದು ಕಾಲುವೆ ತೋಡಲು ಹಾಕಿದರು.

ವಾರಿಜಾಗೆ ನಾಚಿಕೆಯಾಗಲಿಲ್ಲವೆಂದಲ್ಲ. ಅನ್ನ ಕಲಸಿದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಕನ್ನಡಿಯಲ್ಲಿ ಕುಂಕುಮ ಇಟ್ಟುಕೊಳ್ಳುವಷ್ಟು ಹೊತ್ತು ಮಾತ್ರ ನಿಲ್ಲುತ್ತಿದ್ದಳು. ಹೊಸ ಸೀರೆ ಉಡುವುದು ಬಿಟ್ಟಳು. ಫಲಕದಲ್ಲಿದ್ದ ತನ್ನ ಫೋಟೋ ತೆಗೆಯಿರಿ ಎಂದು ಕೇಳಿಕೊಂಡಳು. ಆಯುಧಪೂಜೆಯ ದಿನ ಗೋಪುರದ ಬುಡದಲ್ಲಿ ಒಳ್ಳೆಯ ಕೆಲಸಗಾರರಿಗೆ ಶಾಲು ಹೊದಿಸುವುದು ಅಲ್ಲಿನ ಪದ್ಧತಿ. ಅವಳ ಹೆಸರು ಕೂಗಿದಾಗ, “ನನಗೆ ಬೇಡ, ನಾನು ಅದಕ್ಕೆ ತಕ್ಕವಳಲ್ಲ,” ಎಂದಳು. ಅದಕ್ಕಿಂತ ನಿಜವಾದ ಮಾತನ್ನು ಅವಳು ಆಡಿರಲಿಲ್ಲ. ಆದರೆ ಮ್ಯಾನೇಜರು ಮೈಕಿನಲ್ಲಿ, “ನೋಡಿ, ಎಂಥ ದೊಡ್ಡ ಮನಸ್ಸು! ಇಷ್ಟು ಮಾಡಿಯೂ ಇಷ್ಟು ತಗ್ಗಿ ನಡೆಯುವವರನ್ನು ನಾನು ಕಂಡಿಲ್ಲ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸದಾಗಿ ಸೇರಿದ ಹುಡುಗಿಯರು ಬಂದು ಕಾಲಿಗೆ ಬಿದ್ದರು. ಅವಳು ಒಳಗೆ ನಾಚಿದಷ್ಟೂ ಹೊರಗೆ ಅವಳ ಹೆಸರು ಬೆಳೆಯಿತು. ತಾನು ಸಾಕಷ್ಟು ಅನುಭವಿಸುತ್ತಿದ್ದೇನೆ, ಇದೇ ನನಗೆ ಶಿಕ್ಷೆ ಎಂದು ಅವಳು ಅಂದುಕೊಂಡಳು. ಹಾಗೆ ಎರಡು ವರ್ಷ ನಡೆಯಿತು.

ಒಂದು ಬೆಳಿಗ್ಗೆ ಅವಳ ಮನೆಯ ಬೀದಿಗೇ ಕೇಬಲ್ ಬಂತು. ಐದಾರು ಜನ ಕಾಲುವೆ ತೋಡುತ್ತಿದ್ದರು. ಅವರಲ್ಲಿ ಹೊನ್ನೂರಪ್ಪನಿದ್ದ. ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ವಾರಿಜಾ ಬಾಗಿಲು ಹಾಕಿಕೊಂಡು ಒಳಗೆ ಉಳಿಯಬಹುದಿತ್ತು. ಚೊಂಬಿನಲ್ಲಿ ಮಜ್ಜಿಗೆ ತೆಗೆದುಕೊಂಡು ಹೊರಗೆ ಬಂದಳು.

“ಹೊನ್ನೂರಪ್ಪ, ಇನ್ನೂ ಗುದ್ದಲಿಯೇ? ಕಂತ್ರಾಟುದಾರರು ಮತ್ತೆ ಜಾಯಿಂಟ್ ಕೆಲಸಕ್ಕೆ ಕರೆಯಲಿಲ್ಲವೇ?”

“ಕರೆದರು ಅಮ್ಮಾವ್ರೆ. ನಾನೇ ಒಲ್ಲೆ ಅಂದೆ.”

ಪಕ್ಕದಲ್ಲಿದ್ದವನು ನಕ್ಕ. “ಇವನ ಕೈಗೆ ಹಾರೆ ಕೊಡಿ, ಬಂಡೆ ಸೀಳುತ್ತಾನೆ. ಕೂದಲಿನಂಥ ಎಳೆ ಕೊಡಿ, ಗಡಗಡ ನಡುಗುತ್ತಾನೆ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲಿಕ್ಕೂ ಪಕ್ಕದ ಮನೆಯವರನ್ನು ಕರೆಯಬೇಕು.”

“ಸುಮ್ಮನಿರೋ, ದೊಡ್ಡವರ ಮುಂದೆ,” ಎಂದು ಹೊನ್ನೂರಪ್ಪ ಅವನನ್ನು ಗದರಿದ. ಆಮೇಲೆ ಲೋಟ ಹಿಡಿದುಕೊಂಡು ಮೆಲ್ಲಗೆ ಹೇಳಿದ: “ನೀವು ಅವತ್ತು ಹೇಳಿದಿರಲ್ಲ, ಆ ಮೇಲೆ ನನ್ನ ಹಳೆಯ ಜಾಯಿಂಟುಗಳನ್ನೆಲ್ಲ ನೋಡಿಬಂದೆ. ರಜೆಯ ದಿನ ಹೋಗುತ್ತಿದ್ದೆ. ಸೂಪರ್‌ವೈಸರ್ ಕೈಕಾಲು ಹಿಡಿದು, ಜಾಯಿಂಟ್ ಮುಚ್ಚಿಟ್ಟ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆಸಿದೆ. ಇನ್ನೂರಕ್ಕೂ ಮೇಲೆ ನೋಡಿದೆ.”

“ಏನು ಸಿಕ್ಕಿತು?”

“ಒಂದರಲ್ಲೂ ತಪ್ಪು ಸಿಗಲಿಲ್ಲ. ಅದೇ ಹೆದರಿಕೆ ಅಮ್ಮಾವ್ರೆ. ತಪ್ಪು ಇದೆ ಅಂತ ನೀವು ಕಂಡಿರಿ. ನನಗೆ ಕಾಣುವುದೇ ಇಲ್ಲ ಅಂದರೆ ಕೈಯ ಜೊತೆ ನನ್ನ ಕಣ್ಣೂ ಹೋಗಿದೆ ಅಂತ ತಾನೇ? ಇಂಥವನು ಇಪ್ಪತ್ತು ವರ್ಷ ಏನೇನು ಕೆಡಿಸಿಟ್ಟಿದ್ದೇನೋ. ಆ ಪಟ್ಟಣದ ಕಡೆ ಬಸ್ಸು ಹೊರಟರೆ ನಾನು ಹತ್ತುವುದಿಲ್ಲ. ಮುಖ ತೋರಿಸಲಿಕ್ಕೆ ನಾಚಿಕೆ.” ಅವನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. “ನೀವು ಅವತ್ತು ಹೇಳಿ, ಇನ್ನೂ ಕೆಡಿಸದ ಹಾಗೆ ನನ್ನನ್ನು ನಿಲ್ಲಿಸಿದಿರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.”

ವಾರಿಜಾ ಅವನ ಕೈಗಳನ್ನು ನೋಡಿದಳು. ಲೋಟ ಕೆಳಗಿಟ್ಟ ಮೇಲೂ ಬೆರಳುಗಳು ಏನನ್ನೋ ಹಿಡಿಯಲು ಹೋಗಿ ತಪ್ಪಿದಂತೆ ಅಲುಗುತ್ತಿದ್ದವು. ಎರಡು ವರ್ಷ ತಾನು ಹೊತ್ತಿದ್ದೇನೆ ಎಂದುಕೊಂಡ ನಾಚಿಕೆ ತನ್ನ ಬಳಿ ಇರಲೇ ಇಲ್ಲ ಎಂಬುದು ಅವಳಿಗೆ ಆಗ ಕಂಡಿತು. ಅವಳ ಬಳಿ ಇದ್ದದ್ದು ಅದರ ನೆರಳು. ಅದರ ಮೈಯೆಲ್ಲ ಇವನ ಮೇಲಿತ್ತು.

ಚೊಂಬು ಹಿಡಿದುಕೊಂಡೇ ಅವಳು ಹೇಳಿದಳು. ಗುದ್ದಲಿ ಹಿಡಿದ ಅಷ್ಟೂ ಜನ ಕೇಳುವ ಹಾಗೆ ಹೇಳಿದಳು. ಮೂರನೆಯ ಸಲ ಪೋಣಿಸಿದ್ದು, ಅರ್ಧ ಕತ್ತರಿಸಿ ಅರ್ಧ ಬಿಟ್ಟದ್ದು, ಮಸೂರದಲ್ಲಿ ಕಂಡದ್ದು, ಕಂಡೂ ಸುಳ್ಳಾಡಿದ್ದು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಕಿಟಕಿಗಳಲ್ಲಿ ನೆರೆಯವರು ಬಂದು ನಿಂತರು.

ಹೊನ್ನೂರಪ್ಪ ಗುದ್ದಲಿಯನ್ನು ಮಣ್ಣಿನ ಗುಡ್ಡೆಗೆ ಒರಗಿಸಿದ.

“ಎರಡು ವರ್ಷ, ಅಮ್ಮಾವ್ರೆ,” ಎಂದ.

ಕಾಲುವೆಯ ದಡ ಹತ್ತಿ, ಯಾರ ಮುಖವನ್ನೂ ನೋಡದೆ ಬಸ್ ನಿಲ್ದಾಣದ ಕಡೆ ನಡೆದುಹೋದ.

ಮರುದಿನ ವಾರಿಜಾ ಎಲ್ಲವನ್ನೂ ಬರೆದು ಮ್ಯಾನೇಜರಿಗೆ ಕೊಟ್ಟಳು. ಅವಳ ಮೇಜು ಹೋಯಿತು, ಕೆಲಸವೂ ಹೋಯಿತು. ಕಾಲಿಗೆ ಬಿದ್ದಿದ್ದ ಹುಡುಗಿಯರು ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದರು. ಹೊನ್ನೂರಪ್ಪನನ್ನು ಗೌರವದಿಂದ ಕರೆದು ಮತ್ತೆ ಜಾಯಿಂಟ್ ಕೆಲಸ ಕೊಟ್ಟರು. ಅವನ ಕೈ ನಿಲ್ಲಲು ಇನ್ನೊಂದು ವರ್ಷ ಬೇಕಾಯಿತು ಎನ್ನುತ್ತಾರೆ. ನಿಲ್ಲಲೇ ಇಲ್ಲ ಎನ್ನುವವರೂ ಇದ್ದಾರೆ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ನೆಲ ನೋಡುತ್ತಲೇ, “ಅವನು ಅವಳನ್ನು ಕ್ಷಮಿಸಿದನೇ, ಗುರುಗಳೇ?” ಎಂದು ಕೇಳಿದ.

ಶಿಷ್ಯ ತಲೆಯೆತ್ತುವವರೆಗೆ ಗುರು ಕಾದರು. ಆಮೇಲೆ ಒಂದೇ ಮಾತು ಕೇಳಿದರು:

“ನಿನ್ನ ಬದಲು ನಾಚಿಕೊಳ್ಳುತ್ತಿರುವವರು ಯಾರಪ್ಪಾ?”