ಮೀನು ಬಿಟ್ಟ ಮನೆ

ಧರ್ಮಪ್ರಚಾರಕ್ಕೆಂದು ನಾರ್ವೆಗೆ ಹೋಗಿದ್ದ ಸೋಮಚೈತನ್ಯ ಮೂರು ವರ್ಷದ ಮೇಲೆ ಆಶ್ರಮಕ್ಕೆ ಮರಳಿದ. ಬಂದವನು ಯಾರ ಮುಖವನ್ನೂ ನೋಡಲಿಲ್ಲ.

ಆಶ್ರಮದಲ್ಲಂತೂ ಹಬ್ಬದ ಸಡಗರ. ನಾರ್ವೆಯ ಬೆಸ್ತರ ಹಳ್ಳಿಯಲ್ಲಿ ಅವನು ತಂಗಿದ್ದ ಮನೆಯವರೆಲ್ಲ ಮೀನು ತಿನ್ನುವುದನ್ನೇ ಬಿಟ್ಟರೆಂಬ ಸುದ್ದಿ ಎಂದೋ ಇಲ್ಲಿಗೆ ಮುಟ್ಟಿತ್ತು. ಮುಟ್ಟಿಸಿದವನು ಅವನೇ. ಗುರುಗಳು ಪ್ರವಚನದಲ್ಲಿ ಅದನ್ನು ಹೇಳದ ವಾರವಿರಲಿಲ್ಲ. ಕೇಳಿ ಕಣ್ಣೊರೆಸಿಕೊಳ್ಳದ ಭಕ್ತರೂ ಇರಲಿಲ್ಲ. ಅವರಲ್ಲಿ ಒಬ್ಬರೂ ಏನನ್ನೂ ಬಿಟ್ಟಿರಲಿಲ್ಲ, ಆ ಮಾತು ಬೇರೆ.

ಅಂದು ಸಂಜೆ ಆ ಕಥೆಯನ್ನು ಅವನ ಬಾಯಿಂದಲೇ ಕೇಳಲು ಊರಿಗೆ ಊರೇ ಬರುವುದಿತ್ತು.

ಸೋಮಚೈತನ್ಯ ನದಿಯ ಮೆಟ್ಟಿಲಿಗೆ ಬಂದು ಗುರುಗಳ ಪಕ್ಕ ಕೂತ.

"ಗುರುಗಳೇ, ಇವತ್ತು ನನ್ನ ಕೈಲಿ ಮಾತಾಡೋಕಾಗಲ್ಲ."

"ಯಾಕಪ್ಪಾ, ಗಂಟಲು ಕಟ್ಟಿದೆಯೇನು?"

"ಆ ಮನೆಯೋರು ಮೀನು ಬಿಟ್ಟಿರಲಿಲ್ಲ."

ನೀರಿನಲ್ಲಿ ಕಾಲಾಡಿಸುತ್ತಿದ್ದ ಗುರುಗಳು ಅವನತ್ತ ತಿರುಗಿದರು.

"ಹೋದ ದಿನಾನೇ ವಾಸನೆ ತಡೀಲಾರದೆ ಮೂಗು ಮುಚ್ಕೊಂಡು ಊಟ ಬಿಟ್ಟು ಎದ್ದೆ. ಮಾರನೇ ದಿನದಿಂದ ಮನೇಲಿ ಮೀನೇ ಇಲ್ಲ. ನನ್ನ ಉಪದೇಶ ನಾಟಿತು ಅಂದ್ಕೊಂಡೆ. ನಿಮಗೂ ಹೇಳಿ ಕಳಿಸಿದೆ."

"ಆಮೇಲೆ?"

"ಎರಡನೇ ಚಳಿಗಾಲ. ಒಂದು ಬೆಳಿಗ್ಗೆ ಸುಮ್ನೆ ನಡ್ಕೊಂಡು ಹೋದೋನು ಅವರ ದೋಣಿ ಶೆಡ್ಡಿನ ಹಿಂದಕ್ಕೆ ಬಂದೆ. ಮನೆಯೋರೆಲ್ಲ ಹಿಮದಲ್ಲಿ ನಿಂತು ಒಂದೇ ಬಾಣಲೆಯಿಂದ ಗಬಗಬ ಮೀನು ತಿಂತಿದ್ರು. ಸಿಗ್ನೆ ಅಂತ ಅಜ್ಜಿ, ಎಂಬತ್ತು ದಾಟಿದೋಳು. ನನ್ನ ಕಂಡೋಳೇ ಉಣ್ಣೆ ಗ್ಲೌಸಲ್ಲೇ ಬಾಯಿ ಒರೆಸ್ಕೊಂಡು, ನಾನು ಕಲಿಸಿದ ಹಾಗೆ ಕೈ ಮುಗಿದಳು."

"ನೀನೇನು ಮಾಡಿದೆ?"

"ನಾನೂ ಕೈ ಮುಗಿದೆ. ಏನೂ ಕಾಣದೋನ ಹಾಗೆ ತಿರುಗಿ ಬಂದ್ಬಿಟ್ಟೆ."

"ಮನೆಗೆ ಬಂದ ಮೇಲೆ, ಒಳಗೇ ಉಣ್ಣಿ ಅನ್ನಬಹುದಿತ್ತಲ್ಲ."

ಸೋಮಚೈತನ್ಯ ತಲೆ ಎತ್ತಲಿಲ್ಲ. "ಅನ್ನಲಿಲ್ಲ. ಇಲ್ಲಿ ನೀವೆಲ್ಲ ಹೊಗಳ್ತಿದ್ರಿ. ಅದೆಲ್ಲಿ ಹೋಗುತ್ತೋ ಅಂತ ಇನ್ನೊಂದು ಚಳಿಗಾಲ ಅವರನ್ನ ಹೊರಗೇ ನಿಲ್ಲಿಸಿದೆ. ನಾನು ಒಳಗೆ ಬೆಂಕಿ ಮುಂದೆ ಕೂತು ದಯೆಯ ಪಾಠ ಹೇಳಿದೆ."

ಅವನೇ ಮುಂದುವರಿಸಿದ. "ದಯೆ ಅಂದ್ರೆ ಏನು ತಿನ್ನಬಾರದು ಅನ್ನೋದು ಅಂತ ತಿಳ್ಕೊಂಡು ಹೋಗಿದ್ದೆ. ಅವರಿಗೆ ಅದು, ಮನೆಗೆ ಬಂದೋನು ಉಂಡನಾ ಅನ್ನೋದು. ಅಲ್ಲಿಂದ ನಾನು ಕಲಿತು ತಂದಿರೋದು ಅದೊಂದೇ."

ಗುರುಗಳು ನೀರಿನಿಂದ ಕಾಲು ಮೇಲೆತ್ತಿಕೊಂಡರು.

"ನಾನು ಊರೆಲ್ಲ ಸಾರಿದೆನಲ್ಲೋ," ಎಂದರು. "ನನ್ನ ಪಾಲಿನ ನಾಚಿಕೆ ನನಗಿರಲಿ. ನಿನ್ನದನ್ನ ನೀನು ಹೇಳು."

ಸಂಜೆ ಅವನು ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಾರ ತಂದಿದ್ದವರು ಅದನ್ನು ಮೆಲ್ಲಗೆ ಚೀಲಕ್ಕೆ ಇಳಿಸಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

ಆಗ ಗುರುಗಳು ಎದ್ದು, "ವಿಚಾರಿಸದೆ ಸಾರಿದ್ದು ನನ್ನ ತಪ್ಪು, ಕ್ಷಮಿಸಿ" ಎಂದು ಸಭೆಗೆ ಕೈ ಮುಗಿದರು. ನಗುವಿಗಿಂತ ಅದೇ ಅವನಿಗೆ ಹೆಚ್ಚು ಚುಚ್ಚಿತು.

ಎಲ್ಲರೂ ಹೋದ ಮೇಲೆ ಅವನು ಗುರುಗಳ ಕಾಲು ಹಿಡಿದ.

"ಪ್ರಾಯಶ್ಚಿತ್ತ ಕೊಡಿ. ಒಂದು ತಿಂಗಳು ಉಪವಾಸ ಮಾಡ್ತೀನಿ."

"ನಿನ್ನ ಒಂದು ವ್ರತಕ್ಕೆ ಒಂದು ಮನೆಯೋರೆಲ್ಲ ಹಿಮದಲ್ಲಿ ನಿಂತರು. ಈ ವ್ರತಕ್ಕೆ ಯಾರನ್ನ ನಿಲ್ಲಿಸ್ತೀಯ?"

ಅವನು ಹಿಡಿದಿದ್ದ ಕಾಲು ಬಿಟ್ಟ.

"ವಾಪಸ್ ಹೋಗು," ಎಂದರು ಗುರುಗಳು. "ಆ ಅಜ್ಜಿ ತನ್ನ ಮನೆ ಒಳಗೆ, ತನ್ನ ಮೇಜಿನ ಮುಂದೆ ಕೂತು ಮೀನು ಉಣ್ಣಬೇಕು. ನೀನು ಅಲ್ಲಿರಬೇಕು."

ಸೋಮಚೈತನ್ಯ ಬೆಚ್ಚಿಬಿದ್ದ. "ಗುರುಗಳೇ, ನಾನು ಹೇಗೆ ತಿನ್ನಲಿ?"

"ತಿನ್ನು ಅಂದೆನೇನೋ? ಬಡಿಸು."