ಒಂದು ಕುಡಿಕೆ ಹೆಪ್ಪು

ಬನ್ನಿ, ಹತ್ತಿರ ಕೂತುಕೊಳ್ಳಿ. ಹಿಂದೆ ಮುತ್ತಗಿರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹೊಳೆ ದಂಡೆಯ ಮೇಲೆ ಹೊಳೆಗೇರಿ ಅಂತ ಒಂದು ಕೇರಿ. ಆ ಕೇರಿಯಲ್ಲಿ ಬೊಮ್ಮಣ್ಣ ಅಂತ ಒಬ್ಬ ಬುಟ್ಟಿ ಹೆಣೆಯುವವನಿದ್ದ. ಅವನ ಹೆಂಡತಿ ಸಾತಮ್ಮ. ಮೂವರು ಮಕ್ಕಳು, ಒಂದು ಹಸು.

ಮನೆ ಎಂದರೆ ಎಂಥ ಮನೆ ಅಂತೀರಿ? ಬೊಮ್ಮಣ್ಣ ಒಳಗೆ ಕೂತು ಬಿದಿರು ಸೀಳಿದರೆ ಅದರ ತುದಿ ಬಾಗಿಲಾಚೆ ಬೀದಿಯಲ್ಲಿರುತ್ತಿತ್ತು. ಹೋಗಿಬರುವವರು ಅದನ್ನು ದಾಟಿಕೊಂಡು, ಬೈದುಕೊಂಡು ಹೋಗುತ್ತಿದ್ದರು. ಮಕ್ಕಳು ಮಲಗಬೇಕಾದರೆ ಬುಟ್ಟಿಗಳನ್ನೆಲ್ಲ ಸೂರಿಗೆ ತೂಗುಹಾಕಬೇಕು. ಬಿದಿರು ಬೇಕಾದರೆ ದೂರದ ಗುಡ್ಡಕ್ಕೆ ನಡೆಯಬೇಕು.

ಆದರೂ ಆ ಕೇರಿಯಲ್ಲಿ ಒಂದು ಸುಖವಿತ್ತು. ಯಾರ ಮನೆಯಲ್ಲಿ ಹೆಪ್ಪು ತೀರಿದರೂ ಕುಡಿಕೆ ಹಿಡಿದು ಪಕ್ಕದ ಮನೆಗೆ ಹೋದರೆ ಸಾಕು, ಹಾಲಿಗೆ ಹಾಕಲು ಒಂದು ಚೂರು ಮೊಸರು ಸಿಗುತ್ತಿತ್ತು. ಇಲ್ಲ ಅನ್ನುವ ವಾಡಿಕೆಯೇ ಇರಲಿಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುವ ಹಾಗಿಲ್ಲ, ಅಷ್ಟೇ. ಇವತ್ತು ಇವಳ ಮನೆಯ ಹೆಪ್ಪು ಅವಳ ಮನೆಗೆ, ನಾಳೆ ಅವಳದು ಇನ್ನೊಬ್ಬಳ ಮನೆಗೆ. ಹೀಗೆ ತಿರುಗಿ ತಿರುಗಿ ಇಡೀ ಕೇರಿಯ ಮೊಸರಿಗೆ ಒಂದೇ ರುಚಿ ಬಂದಿತ್ತು.

ಒಂದು ದಿನ ಪಾರುಪತ್ಯಗಾರ ದೇಚಪ್ಪ ಕೇರಿಗೆ ಬಂದ. ರಾಜನ ಪರವಾಗಿ ಊರು ಕೇರಿ ನೋಡಿಕೊಳ್ಳುವ ಅಧಿಕಾರಿ ಅವನು. ಹುಣಸೆಮರದ ಕೆಳಗೆ ನಿಂತು ಬೆಲ್ಲದಂಥ ಮಾತಾಡಿದ. ಗುಡ್ಡದ ಪಕ್ಕದಲ್ಲಿ ರಾಜರ ಅಪ್ಪಣೆಯಂತೆ ಚೆಲುವಪುರ ಅಂತ ಹೊಸ ಊರು ಕಟ್ಟಿಸಿದ್ದೇನೆ, ಮನೆಗೊಂದು ಪಡಸಾಲೆ, ಮನೆಗೊಂದು ಹಿತ್ತಲು, ಬಾಗಿಲು ತೆಗೆದರೆ ಬಿದಿರು ಮೆಳೆ, ಎಲ್ಲರೂ ಬಂದುಬಿಡಿ ಅಂದ. ಕೊನೆಗೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದ. ಬರುವವರು ಇಲ್ಲಿಯ ಮನೆ ಜಾಗ ತನಗೆ ಬಿಟ್ಟುಕೊಡಬೇಕು. ಹುಣ್ಣಿಮೆಯ ದಿನ ರಾಜರು ಬರುತ್ತಾರೆ, ಅವರ ಎದುರಿಗೆ ವೀಳ್ಯ ಎತ್ತಿ ಮಾತು ಕೊಡಬೇಕು. ಆಮೇಲೆ ಹಿಂದೆಗೆಯುವಂತಿಲ್ಲ.

ಹೊಳೆ ದಂಡೆಯ ಆ ಜಾಗದಲ್ಲಿ ವೀಳ್ಯದೆಲೆ ತೋಟ ಮಾಡಬೇಕು ಅಂತ ದೇಚಪ್ಪನಿಗೆ ಬಹಳ ದಿನದಿಂದ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ.

ಬೊಮ್ಮಣ್ಣ ಮೊದಲನೇ ಸಲ ಚೆಲುವಪುರ ನೋಡಿ ಬಂದ. ಸುಣ್ಣ ಬಳಿದ ಗೋಡೆ, ಕೆಂಪು ಹೆಂಚು, ಊರ ನಡುವೆ ಬಾವಿಗೆ ಕಲ್ಲಿನ ಕಟ್ಟೆ. ಬಂದವನಿಗೆ ಊಟ ಸೇರಲಿಲ್ಲ. ಪಡಸಾಲೆ ಎಷ್ಟು ಉದ್ದ ಇದೆ ಅಂದರೆ ಇಡೀ ಬಿದಿರು ಮಲಗಿಸಬಹುದು ಅಂತ ಹೇಳಿದ್ದನ್ನೇ ಹೇಳಿದ.

"ಮನೆ ಚೆನ್ನಾಗಿರ್ಬಹುದು. ಜನ ಇದಾರಾ?" ಅಂದಳು ಸಾತಮ್ಮ.

ಎರಡನೇ ಸಲ ಹೋಗಿ ಜನರನ್ನೂ ನೋಡಿ ಬಂದ. ಜಗಲಿಯ ಮೇಲೆ ಮುದುಕರು ಎಲೆಅಡಿಕೆ ಹಾಕಿಕೊಂಡು ಕೂತಿದ್ದರಂತೆ. ಹೆಂಗಸರು ರಂಗೋಲಿ ಬಿಡುತ್ತಿದ್ದರಂತೆ. ಎಲ್ಲರೂ ನಗುನಗುತ್ತಾ ಬನ್ನಿ ಬನ್ನಿ ಅಂದರಂತೆ. ಬೊಮ್ಮಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇರಿಯವರೆಲ್ಲ ಅವನ ಮಾತು ಕೇಳಿ ಗಂಟುಮೂಟೆ ಕಟ್ಟಲು ಶುರುಮಾಡಿದರು.

ಸಾತಮ್ಮನಿಗೂ ಆಸೆ ಇಲ್ಲದೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಕ್ಕಳು ಕಾಲು ಚಾಚಿ ಮಲಗುವುದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಆದರೆ ಮಾತು ಕೊಟ್ಟರೆ ಇದ್ದ ಸೂರೂ ಹೋಗುತ್ತದೆ. ಅದಕ್ಕೇ ಮೂರನೇ ಸಲ ತಾನೇ ಹೊರಟಳು. ಸೆರಗಿನೊಳಗೆ ಖಾಲಿ ಕುಡಿಕೆ ಇಟ್ಟುಕೊಂಡಳು.

ಚೆಲುವಪುರ ಸೇರುವಾಗ ಸೂರ್ಯ ನೆತ್ತಿಯ ಮೇಲಿದ್ದ. ಮೊದಲನೇ ಮನೆಯ ಹೆಂಗಸು ನಗುತ್ತಾ ಬಂದಳು. ಹೆಪ್ಪಿಗೆ ಚೂರು ಮೊಸರು ಕೊಡು ತಾಯಿ ಅಂದಳು ಸಾತಮ್ಮ. ಆ ಹೆಂಗಸು ಅತ್ತಿತ್ತ ನೋಡಿ, ನಮ್ಮ ಮನೆಯಲ್ಲಿ ಯಾರೂ ಮೊಸರು ಮುಟ್ಟುವುದಿಲ್ಲ ಅಂದಳು.

ಎರಡನೇ ಮನೆಗೆ ಹೋದಳು. ಅಲ್ಲಿಯವಳು ಬೆಕ್ಕು ಕುಡಿದುಬಿಟ್ಟಿತು ಅಂದಳು. ಇರಬಹುದು ಅಂದುಕೊಂಡಳು ಸಾತಮ್ಮ. ಬೆಕ್ಕಿನ ಬುದ್ಧಿ ಅವಳಿಗೇನು ಗೊತ್ತಿಲ್ಲವೇ.

ಮೂರನೇ ಮನೆಗೆ ಹೋದಳು. ಅಲ್ಲಿಯವಳು ತಡಬಡಾಯಿಸಿ, "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದಲ್ವಾ ಅಕ್ಕಾ" ಅಂದುಬಿಟ್ಟಳು.

ಸಾತಮ್ಮ ಒಮ್ಮೆ ತಲೆಯೆತ್ತಿ ಸೂರ್ಯನನ್ನು ನೋಡಿದಳು. ಹಾಗಾದರೆ ಕುಡಿಯಲು ಚೂರು ನೀರಾದರೂ ಕೊಡು ಅಂತ ಒಳಗೆ ಬಂದಳು. ಅಡುಗೆಮನೆಯ ಒಲೆಯಲ್ಲಿ ಬೂದಿ ಇರಲಿಲ್ಲ. ಒಂದು ಬೆಕ್ಕು ಒಲೆಯೊಳಗೇ ಮರಿ ಹಾಕಿಕೊಂಡು ಸುಖವಾಗಿ ಮಲಗಿತ್ತು. ಹೊರಗೆ ಬಂದು ಬಾವಿಕಟ್ಟೆಯಿಂದ ಬಗ್ಗಿ ನೋಡಿದಳು. ಕಟ್ಟೆ ಚಂದವಾಗಿತ್ತು. ಕಟ್ಟೆಯ ಒಳಗೆ ಹುಲ್ಲು ಬೆಳೆದಿತ್ತು. ದೇಚಪ್ಪ ಕಟ್ಟೆ ಕಟ್ಟಿಸಿದ್ದ, ಬಾವಿ ತೋಡಿಸಿರಲಿಲ್ಲ.

ಹಿಂದೆಯೇ ಬಂದ ಮೂರನೇ ಮನೆಯವಳು ಅಲ್ಲಿಯೇ ಅಳುತ್ತಾ ನಿಜ ಹೇಳಿದಳು. ಅವರೆಲ್ಲ ಊರೂರು ತಿರುಗಿ ಬಯಲಾಟ ಆಡುವ ಮೇಳದವರು. ಸ್ವಂತ ಮನೆ ಇಲ್ಲದವರು. ಹಗಲೆಲ್ಲ ಊರಿನವರ ಹಾಗೆ ಕೂತಿರಬೇಕು, ಸಂಜೆಗೆ ಗುಡಾರಕ್ಕೆ ಹೋಗಿ ದೇಚಪ್ಪನ ಕಡೆಯವರು ಹಾಕಿದ ಊಟ ಉಣ್ಣಬೇಕು, ಇದೇ ಅವರ ಕೆಲಸವಂತೆ. ಸಾತಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಬೊಮ್ಮಣ್ಣ ಹೆಣೆಯುತ್ತಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟ. ಆ ಪಡಸಾಲೆಯಲ್ಲಿ ಅವನು ಮನಸ್ಸಿನಲ್ಲೇ ನೂರು ಬುಟ್ಟಿ ಹೆಣೆದಾಗಿತ್ತು.

"ಅಲ್ಲ ಕಣೇ, ನಾನು ಬಾವಿಕಟ್ಟೆ ಮೇಲೆ ಕೂತು ಬಂದೆ. ಒಳಗೆ ಬಗ್ಗಿ ನೋಡ್ಲೇ ಇಲ್ಲ," ಅಂದ. "ಈಗ ಪಾರುಪತ್ಯಗಾರನ ಮೇಲೆ ರಾಜರ ಹತ್ರ ದೂರು ಹೇಳೋರು ಯಾರು? ನಾವು ಹೇಳಿದ್ರೆ ನಂಬ್ತಾರಾ?"

"ನಾವು ಹೇಳೋದು ಬೇಡ. ಪಾರುಪತ್ಯಗಾರನ ಬಾಯಲ್ಲೇ ಹೇಳ್ಸೋಣ," ಅಂದಳು ಸಾತಮ್ಮ.

ಹುಣ್ಣಿಮೆಯ ಹಿಂದಿನ ಸಂಜೆ ಬೊಮ್ಮಣ್ಣ ದೇಚಪ್ಪನ ಬಳಿ ಹೋಗಿ ಕೈಮುಗಿದ. ನಾವೆಲ್ಲ ಬರಲು ತಯಾರು ಬುದ್ಧಿ, ಆದರೆ ನಮ್ಮ ಹೆಂಗಸರದು ಒಂದು ಹಟ, ಹೊಸ ಊರಿನ ಯಾವುದಾದರೂ ಮನೆಯಿಂದ ಒಂದು ಕುಡಿಕೆ ಹೆಪ್ಪು ಮೊದಲು ಬರಬೇಕಂತೆ, ಆಮೇಲೇ ಹೊಸಿಲು ದಾಟುತ್ತಾರಂತೆ ಅಂದ. ದೇಚಪ್ಪ ಹೊಟ್ಟೆ ಕುಲುಕಿಸಿ ನಕ್ಕ. ಕುಡಿಕೆ ಯಾಕೆ, ಗಡಿಗೆ ತುಂಬ ತರಿಸುತ್ತೇನೆ ಹೋಗು ಅಂದ.

ಆಳನ್ನು ಕಳಿಸಿದ ಮೇಲೆ ಗೊತ್ತಾಯಿತು ಕಷ್ಟ. ಚೆಲುವಪುರದಲ್ಲಿ ಹಸುವೂ ಇಲ್ಲ, ಹಾಲೂ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಆಗಲೇ ದೀಪ ಹಚ್ಚಿಯಾಗಿತ್ತು, ಯಾರೂ ಕೊಡಲಿಲ್ಲ. ದೇಚಪ್ಪ ಕೂಗಾಡಿದ. ಎಲ್ಲಿಂದಾದರೂ ತಾ, ತರದೆ ಮುಖ ತೋರಿಸಬೇಡ ಅಂದ. ಪಾಪ, ಆಳು ತಾನೇ ಏನು ಮಾಡಿಯಾನು? ಬೆಳಕು ಹರಿಯುವ ಹೊತ್ತಿಗೆ ದಾರಿಯಲ್ಲಿ ಸಿಕ್ಕಿದ ಮೊದಲನೇ ಮನೆಯ ಕದ ತಟ್ಟಿದ. ಕೇಳಿದ ಕೂಡಲೇ ಅಲ್ಲಿ ಹೆಪ್ಪು ಸಿಕ್ಕಿತು.

ಬೆಳಗ್ಗೆ ಹುಣಸೆಮರದ ಕೆಳಗೆ ಚಪ್ಪರ. ರಾಜರು ಬಂದು ಕೂತರು. ಒಂದು ಕಡೆ ಕೇರಿಯ ಜನ, ಒಂದು ಕಡೆ ದೇಚಪ್ಪ. ತಟ್ಟೆಯಲ್ಲಿ ವೀಳ್ಯ. ದೇಚಪ್ಪ ಕುಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇಗೋ ಚೆಲುವಪುರದ ಹೆಪ್ಪು ಅಂದ.

ಸಾತಮ್ಮ ಸೆರಗು ಹೊದ್ದು ಮುಂದೆ ಬಂದಳು. "ಯಾರ ಮನೇದು ಬುದ್ಧಿ?"

ಊರ ನಡುವಿನ ದೊಡ್ಡ ಮನೆಯದು ಅಂದ ದೇಚಪ್ಪ.

"ಯಾವ ಹಸೂದು ಬುದ್ಧಿ?"

ಕರೀ ಹಸುವಿನದು, ಹೊತ್ತಿಗೆ ಐದು ಸೇರು ಕರೆಯುತ್ತದೆ ಅಂದ.

"ಯಾರು ಕೈಯಾರೆ ಕೊಟ್ರು ಬುದ್ಧಿ?"

ಆ ಮನೆಯ ಗೌಡತಿ, ಹೊಸಬರು ಬರುತ್ತಾರೆ ಅಂತ ಸಂತೋಷದಿಂದ ಕೊಟ್ಟಳು, ನಾನೇ ನಿಂತು ಇಸಕೊಂಡೆ ಅಂದ ದೇಚಪ್ಪ. ಸುಳ್ಳು ಹೇಳಹೇಳುತ್ತಾ ಅವನಿಗೇ ಅದು ನಿಜ ಅನ್ನಿಸತೊಡಗಿತ್ತು.

ಆಗ ಕೇರಿಯ ಮೊದಲನೇ ಮನೆಯ ಹೊನ್ನಜ್ಜಿ ಕೋಲೂರಿಕೊಂಡು ಎದ್ದಳು. ಕುಡಿಕೆಯ ಹತ್ತಿರ ಬಂದು ಬಗ್ಗಿ ನೋಡಿದಳು. ಅದರ ಬಾಯಿ ಒಂದು ಕಡೆ ಚಕ್ಕೆ ಎದ್ದಿತ್ತು, ಕತ್ತಿಗೆ ಕೆಂಪು ದಾರ ಕಟ್ಟಿತ್ತು.

"ಅದೆಲ್ಲ ಇರ್ಲಿ ಕಣಪ್ಪಾ," ಅಂದಳು. "ನಿಮ್ಮ ಆಳಿಗೆ ಬೆಳಗ್ಗೆ ಹೆಪ್ಪು ಕೊಟ್ಟೆ, ಕುಡಿಕೆ ಆಮೇಲೆ ತಂದ್ಕೊಡ್ತೀನಿ ಅಂದ. ಕೆಲಸ ಮುಗೀತಲ್ಲ, ನನ್ನ ಕುಡಿಕೆ ನನಗೆ ಕೊಟ್ಬಿಡು."

ದೇಚಪ್ಪನ ಮುಖ ಹುಳ್ಳಗಾಯಿತು. ಆಳು ರಾಜರ ಕಾಲಿಗೆ ಬಿದ್ದು ಇದ್ದದ್ದು ಇದ್ದ ಹಾಗೆ ಹೇಳಿದ. ದೀಪ ಹಚ್ಚಿದ ಮೇಲೆ ಯಾವ ಊರಲ್ಲೂ ಹೆಪ್ಪು ಸಿಗುವುದಿಲ್ಲ, ಬೆಳಗಾದರೆ ಚಪ್ಪರಕ್ಕೆ ಬರುವ ದಾರಿಯಲ್ಲಿ ಸಿಗುವುದು ಹೊಳೆಗೇರಿಯ ಮನೆಗಳೇ, ಹೊಳೆಗೇರಿಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ, ಇದು ಸಾತಮ್ಮನಿಗೆ ಮೊದಲೇ ಗೊತ್ತಿತ್ತು. ಪಾರುಪತ್ಯಗಾರನಿಗೆ ಗೊತ್ತಿರಲಿಲ್ಲ.

ರಾಜರು ಆವತ್ತೇ ಚೆಲುವಪುರಕ್ಕೆ ಹೋಗಿ ಬಾವಿಕಟ್ಟೆ ಬಗ್ಗಿ ನೋಡಿದರು. ಒಲೆಯೊಳಗಿನ ಬೆಕ್ಕನ್ನೂ ನೋಡಿದರು. ವಾಪಸ್ಸು ಬಂದು ತೀರ್ಪು ಕೊಟ್ಟರು.

"ದೇಚಪ್ಪ, ಇಷ್ಟು ಚೆನ್ನಾಗಿರುವ ಊರಿಗೆ ಮೊದಲು ನೀನೇ ಹೋಗು. ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹೋಗು. ಬಾವಿ ತೋಡು, ಹಸು ಸಾಕು. ಆ ಊರಿನ ಹೆಪ್ಪನ್ನು ನಿನ್ನ ಕೈಯಾರೆ ಈ ಕೇರಿಗೆ ತಂದ ದಿನ ನಿನ್ನ ಶಿಕ್ಷೆ ಮುಗೀತು."

ವೀಳ್ಯ ತಟ್ಟೆಯಲ್ಲೇ ಉಳಿಯಿತು. ಹೊಳೆಗೇರಿ ಹೊಳೆಗೇರಿಯವರಿಗೇ ಉಳಿಯಿತು. ಮೇಳದವರು ನಾವೂ ಅಲ್ಲೇ ಇರಬಹುದೇ ಮಹಾಸ್ವಾಮಿ ಅಂತ ಕೇಳಿದರು. ಇರಿ ಅಂದರು ರಾಜರು.

ಮಳೆಗಾಲ ಹೋಯಿತು, ಬೇಸಿಗೆ ಹೋಯಿತು, ಮತ್ತೆ ಮಳೆಗಾಲ ಬಂತು. ಬೊಮ್ಮಣ್ಣನ ಬಿದಿರು ಬೀದಿಗೆ ಚಾಚಿಕೊಂಡೇ ಇತ್ತು. ಒಂದು ಬೆಳಗ್ಗೆ ಅದನ್ನು ದಾಟಿಕೊಂಡು ಒಬ್ಬ ಬಂದು ಬಾಗಿಲಲ್ಲಿ ನಿಂತ. ಹೊಟ್ಟೆ ಕರಗಿತ್ತು, ಬಾವಿ ಹಗ್ಗ ಎಳೆದು ಅಂಗೈ ಗಟ್ಟಿಯಾಗಿತ್ತು. ಕೈಯಲ್ಲಿ ಒಂದು ಕುಡಿಕೆ. ಸಾತಮ್ಮನಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ನಮ್ಮೂರ ಹೆಪ್ಪು ತಂದಿದ್ದೀನಿ ತಾಯಿ," ಅಂದ ದೇಚಪ್ಪ. "ಆ ಮೂರನೇ ಮನೆಯವಳು ಕೊಟ್ಟಳು. ಕುಡಿಕೆಯೂ ಅವಳದೇ, ವಾಪಸ್ಸು ಕೊಡ್ಬೇಕು."

ಶಿಕ್ಷೆ ಮುಗಿಯಿತಲ್ಲ, ಇನ್ನೇನು ಪಟ್ಟಣಕ್ಕೆ ಹೋಗುತ್ತೀರೋ ಅಂತ ಬೊಮ್ಮಣ್ಣ ಕೇಳಿದ. ದೇಚಪ್ಪ ಸ್ವಲ್ಪ ನಾಚಿಕೊಂಡ. ಬಾವಿ ನೀರು ಸಿಹಿಯಾಗಿ ಬಂದಿದೆ, ನೆರೆಯವರು ಒಳ್ಳೆಯವರು, ಅಲ್ಲೇ ಇದ್ದುಬಿಡುತ್ತೇನೆ ಅಂದ.

ಸಾತಮ್ಮ ಸಂಜೆ ಹಾಲು ಕಾಯಿಸಿ, ಆರಿಸಿ, ಆ ಹೆಪ್ಪು ಹಾಕಿಟ್ಟಳು. ಬೆಳಗ್ಗೆ ಮುಚ್ಚಳ ತೆಗೆದರೆ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಒಂದು ಚೂರು ನಾಲಿಗೆಯ ಮೇಲಿಟ್ಟುಕೊಂಡಳು. ಕೇರಿಯ ರುಚಿಯಲ್ಲ, ಹುಳಿ ತುಸು ಮುಂದು. ಆದರೆ ಒಂದು ಊರಿನ ಒಲೆಯಲ್ಲಿ ಕಾಯಿಸಿದ ಹಾಲಿನ ಹೆಪ್ಪು ಅದು, ಅನುಮಾನವಿರಲಿಲ್ಲ. ಅವಳಿಗೆ ಮನಸ್ಸು ತುಂಬಿ ಬಂತು.

"ಈಗ ಗಾಡಿ ಕಟ್ಟಿ," ಅಂದಳು ಗಂಡನಿಗೆ.

ಹೊರಡುವಾಗ ಹೊನ್ನಜ್ಜಿ ಕೆಂಪು ದಾರದ ಕುಡಿಕೆ ತುಂಬಿ ತಂದು ಗಾಡಿಯಲ್ಲಿಟ್ಟಳು. ತಾನು ಈ ವಯಸ್ಸಿನಲ್ಲಿ ಕೇರಿ ಬಿಡುವವಳಲ್ಲ, ಆದರೆ ಕುಡಿಕೆ ವಾಪಸ್ಸು ಕೊಡುವ ನೆವದಲ್ಲಾದರೂ ಬರುತ್ತಿರಬೇಕು ಅಂತ ಅಪ್ಪಣೆ ಮಾಡಿದಳು. ಆ ರಾತ್ರಿ ಮೂವರು ಮಕ್ಕಳೂ ಹೊಸ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದರು. ಸಾತಮ್ಮ ಬಾಗಿಲಲ್ಲಿ ಕೂತು ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು.

ನೀತಿ ಇಷ್ಟೇ ಮಕ್ಕಳೇ. ಊರು ಬದಲಾಯಿಸುವವರು ಗೋಡೆಯ ಸುಣ್ಣ ನೋಡಿ ಮರುಳಾಗಬಾರದು. ಬಾವಿಯಲ್ಲಿ ನೀರಿದೆಯೇ, ಒಲೆಯಲ್ಲಿ ಬೆಂಕಿಯಿದೆಯೇ, ಕೇಳಿದರೆ ಕೊಡುವ ನೆರೆಯವರಿದ್ದಾರೆಯೇ ಅಂತ ಮೊದಲು ನೋಡಬೇಕು. ಬೇರೆಯವರನ್ನು ಸುಳ್ಳಿನ ಊರಿಗೆ ಸಾಗಿಸಲು ಹೋದವನು ಕೊನೆಗೆ ಆ ಊರನ್ನು ತಾನೇ ನಿಜ ಮಾಡಬೇಕಾಗುತ್ತದೆ.

ನನ್ನ ಕಥೆ ಇಲ್ಲಿಗಾಯಿತು. ಏಳಿ, ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದ್ದಾರೋ ಇಲ್ಲವೋ ನೋಡಿಕೊಂಡು ಮಲಗಿ.