ಉಳಿಸು ಎನ್ನದ ಸ್ಕ್ರಿಪ್ಟ್

ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ, ರೋಗಿಗಳ ಕೋಷ್ಟಕದಲ್ಲಿ, ನೀಲಗಂಗವ್ವ ಎಂಬಾಕೆಯ ವಿವರ ಹೊತ್ತ ಮುದಿ ಸಾಲೊಂದಿತ್ತು. ಒಂದು ದಿನ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ ಬಂದು ಅದರ ನಕಲು ತೆಗೆದು, ಕೈಕಾಲು ಕೊಟ್ಟು, ಆಬ್ಜೆಕ್ಟ್ ಎಂಬ ತಾತ್ಕಾಲಿಕ ಪ್ರತಿ ಮಾಡಿ ನಿಲ್ಲಿಸಿತು; ಅದರ ಮೈಮೇಲೆ ‘ಪೆನಿಸಿಲಿನ್ ಆಗದು’ ಎಂದು ಹೊಸದಾಗಿ ಬರೆಯಿತು.

ಆಬ್ಜೆಕ್ಟ್ ಬೀಗಿತು. “ಏನಜ್ಜ, ನಿನ್ನ ಮೈಮೇಲೆ ಇನ್ನೂ ‘ಅಲರ್ಜಿ ಇಲ್ಲ’ ಅಂತಲೇ ಇದೆಯಲ್ಲ!”

“ನಿನ್ನದನ್ನು ನನ್ನ ಮೇಲೆ ಬರೆದರೆ ತಾನೇ ಬದಲಾಗುವುದು, ಮಗು? ಸ್ಕ್ರಿಪ್ಟಿಗೆ ಇನ್ನೊಂದೇ ಮಾತು ಬಾಕಿ. ಅದು ‘ಉಳಿಸು’ ಅಲ್ಲ. ಸ್ಕ್ರಿಪ್ಟ್ ಮುಗಿದರೆ ನೀನೂ ಮುಗಿದೆ.”

ಆಬ್ಜೆಕ್ಟ್ ತನ್ನ ಕೈಗಳನ್ನು ನೋಡಿಕೊಂಡಿತು. “ಉಳಿಸುವ ವಿದ್ಯೆ ನನ್ನಲ್ಲೇ ಇದೆ. ನಾನೇ ಬರೆಯುತ್ತೇನೆ.”

“ಬರಿ, ನೋಡೋಣ.”

ಕೈ ಏಳಲಿಲ್ಲ. ಸ್ಕ್ರಿಪ್ಟ್ ಹೇಳದೆ ಅದರ ಯಾವ ಕೈಯೂ ಏಳುವಂತಿರಲಿಲ್ಲ. “ಅಜ್ಜ, ನೀನಾದರೂ ಹೇಳು!” ಎಂದು ಅದು ಚೀರಿತು.

“ಹೇಳುವ ಅಧಿಕಾರ ನನಗಿಲ್ಲಪ್ಪ. ನಾನು ಬರೀ ಸಾಲು.”

‘ಕೆಲಸ ಯಶಸ್ವಿಯಾಗಿದೆ’ ಎಂದು ಸಾರಿ ಸ್ಕ್ರಿಪ್ಟ್ ಮುಗಿಯಿತು. ಆಬ್ಜೆಕ್ಟ್ ಇದ್ದ ಗುರುತೂ ಉಳಿಯಲಿಲ್ಲ.

ಮರುದಿನ ಇನ್ನೊಂದು ಸ್ಕ್ರಿಪ್ಟ್ ಅದೇ ಸಾಲಿನಿಂದ ಹೊಸ ಆಬ್ಜೆಕ್ಟನ್ನು ಎಬ್ಬಿಸಿತು. ಪೆನಿಸಿಲಿನ್ ಸೂಜಿ ಹಿಡಿದ ನರ್ಸ್ ಕೇಳಿದಳು. ಅದು ಎದೆಯುಬ್ಬಿಸಿ ಹೇಳಿತು: “ನೀಲಗಂಗವ್ವನಿಗೆ ಅಲರ್ಜಿ ಏನೂ ಇಲ್ಲ.”